ಕಂಪಾಸ್ ಬಾಕ್ಸಿನೊಳಗಿನ ಮೊಟ್ಟೆ

ಕಂಪಾಸ್ ಬಾಕ್ಸಿನಲ್ಲಿ ಮೊಟ್ಟೆ ಹಿಡಿಯುವುದಿಲ್ಲ. ಇದು ಪ್ರಣಿತಾಳಿಗೂ ಗೊತ್ತಿತ್ತು. ಆದರೂ ಅವಳು ಕೈವಾರ, ಸ್ಕೇಲು, ರಬ್ಬರು ಎಲ್ಲವನ್ನೂ ಬ್ಯಾಗಿಗೆ ಸುರಿದು, ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಹಿತ ಬಾಕ್ಸಿನಲ್ಲಿಟ್ಟು, ಮುಚ್ಚದ ಮುಚ್ಚಳಕ್ಕೆ ತನ್ನ ಜಡೆಯ ರಿಬ್ಬನ್ ಬಿಗಿದಿದ್ದಳು. ಈಗ ಅವಳ ಒಂದು ಜಡೆಗೆ ರಿಬ್ಬನ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕಳ್ಳತನ ರೂಢಿಯಿಲ್ಲದವರ ಹಣೆಬರಹ ಇಷ್ಟೇ.

ಊಟದ ನಂತರ ಗಣಿತದ ಪೀರಿಯಡ್. ವೈಜನಾಥ ಸರ್ ಐದನೆಯ ತರಗತಿಗೆ ವೃತ್ತ ಬಿಡಿಸಲು ಹೇಳಿ, ಬೆಂಚುಗಳ ನಡುವೆ ನಡೆಯುತ್ತಾ ಬಂದು ಪ್ರಣಿತಾಳ ಮುಂದೆ ನಿಂತರು.

"ಕಂಪಾಸಿಗಿ ಜಡಿ ಯಾಕ ಹಾಕೀದಿ?"

ಕ್ಲಾಸೆಲ್ಲ ನಕ್ಕಿತು. ಸರ್ ರಿಬ್ಬನ್ ಎಳೆದರು. ಮೊಟ್ಟೆ ಹೊರಗೆ ಉರುಳಿತು. ಅದು ನೆಲಕ್ಕೆ ಬೀಳುವ ಮೊದಲೇ ಪ್ರಣಿತಾ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಶಾಲೆಯಲ್ಲಿ ಕೊಡುವ ಮೊಟ್ಟೆಯನ್ನು ಅಲ್ಲೇ ತಿನ್ನಬೇಕು. ಅಡುಗೆಯ ಅಸ್ಗರಿಬೀ ಕಣ್ಣೆದುರೇ ಸುಲಿದು, ಸಿಪ್ಪೆಯನ್ನು ಬಕೆಟ್ಟಿಗೆ ಹಾಕಬೇಕು. ಮನೆಗೆ ಒಯ್ಯುವಂತಿಲ್ಲ. ಮೊಟ್ಟೆ ಸೇರದಿದ್ದರೆ ಬಾಳೆಹಣ್ಣು ತೆಗೆದುಕೊಳ್ಳಬಹುದಿತ್ತಲ್ಲ, ಬಚ್ಚಿಟ್ಟು ಎಲ್ಲಿಗೆ ಒಯ್ಯುತ್ತಿದ್ದೆ ಎಂದು ಸರ್ ಕೇಳಿದರು. ಪ್ರಣಿತಾ ಮೊಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಸರ್ ಕೆಟ್ಟವರೇನಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಅವರಿಗೆ ತಲೆ ಬಿಸಿಯಾಗುತ್ತದೆ. ಅಡುಗೆಮನೆಗೆ ಹೋಗಿ ಅಸ್ಗರಿಬೀ ಮುಂದೆ ತಿಂದು ಬಾ ಎಂದು ಕಳಿಸಿದರು.

ಅಸ್ಗರಿಬೀ ದೊಡ್ಡ ಪಾತ್ರೆಯೊಳಗೆ ಅರ್ಧ ಇಳಿದು ತಿಕ್ಕುತ್ತಿದ್ದಳು. ತಲೆಯೆತ್ತಿ ನೋಡಿದರೆ ಹುಡುಗಿ ಮೊಟ್ಟೆ ಹಿಡಿದು ಅಳುತ್ತಿದ್ದಾಳೆ.

"ಯಾರಿಗಿ ಒಯ್ಯಾಕತ್ತಿದ್ದಿ ಬೇಟಾ?"

"ಕೂಸಿಗಿ."

"ಯಾವ ಕೂಸಿಗಿ?"

"ಅವ್ವನ ಹೊಟ್ಯಾಗಿನ ಕೂಸಿಗಿ."

ಆಮೇಲೆ ಪ್ರಣಿತಾ ಎಲ್ಲವನ್ನೂ ಹೇಳಿದಳು.

ಅವ್ವನಿಗೆ ಏಳು ತಿಂಗಳು. ಅವರ ಊರು ಕೊಹಿನೂರಿನಲ್ಲಿ ಅಂಗನವಾಡಿ ಇರುವುದು ಶಾಲೆಯ ಪಕ್ಕದಲ್ಲೇ, ಎದೆಮಟ್ಟದ ಗೋಡೆಯ ಆಚೆ. ಅವ್ವ ದಿನಾ ಮಧ್ಯಾಹ್ನ ಹೊಲದ ಕೆಲಸದಿಂದ ಅಲ್ಲಿಗೆ ಊಟಕ್ಕೆ ಬರುತ್ತಾಳೆ. ಬಸುರಿಯರಿಗೆ ಅಲ್ಲಿ ಅನ್ನ, ಸಾರು, ಚಿಕ್ಕಿ, ಒಂದು ಮೊಟ್ಟೆ. ಅಂಗನವಾಡಿಯ ವಿಜಯಶ್ರೀ ಟೀಚರ್ ಒಂದು ದಿನ ಮೇಜಿನ ಮೇಲೆ ಎಳ್ಳು, ತೊಗರಿಕಾಳು, ನಿಂಬೆಹಣ್ಣು, ಬದನೆಕಾಯಿ ಸಾಲಾಗಿ ಇಟ್ಟು, ಕೂಸು ಮೊದಲು ಇಷ್ಟಿರುತ್ತದೆ, ಆಮೇಲೆ ಇಷ್ಟಾಗುತ್ತದೆ ಎಂದು ತೋರಿಸಿದ್ದರು. ಪ್ರಣಿತಾ ಗೋಡೆಯ ಮೇಲೆ ಗಲ್ಲ ಇಟ್ಟು ಕೇಳಿದ್ದಳು. ಅವರು ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕೂಸಿನ ಎಲುಬು, ಉಗುರು, ಕೂದಲು ಎಲ್ಲ ಆಗುವುದು ತಾಯಿ ತಿಂದದ್ದರಿಂದಲೇ, ಅದಕ್ಕೆ ಬೇರೆ ಅಂಗಡಿ ಇಲ್ಲ.

ಅವ್ವ ಮಾತ್ರ ಮೊಟ್ಟೆಯನ್ನು ಮನೆಯಲ್ಲಿ ತಿನ್ನುತ್ತೇನೆಂದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಸಂಜೆ ಅದಕ್ಕೆ ಉಪ್ಪು ಖಾರ ಹಚ್ಚಿ ಪ್ರಣಿತಾಳಿಗೆ ಕೊಡುತ್ತಿದ್ದಳು. ತನಗೆ ಅದರ ವಾಸನೆ ಆಗುವುದಿಲ್ಲ ಎನ್ನುತ್ತಿದ್ದಳು. ಪ್ರಣಿತಾ ನಂಬಿದಳು. ಕೈಯಲ್ಲಿ ಖಾರ ಹಚ್ಚಿದ ಮೊಟ್ಟೆ ಇರುವಾಗ ಯಾರಾದರೂ ನಂಬುತ್ತಾರೆ.

ಹೋದ ಸೋಮವಾರ ಅಪ್ಪ ರಜೆ ಹಾಕಿ ಬಂದಿದ್ದ. ಅವನು ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಯಲ್ಲಿ ಮೂಟೆ ಹೊರುತ್ತಾನೆ. ಮೂವರೂ ಬಸವಕಲ್ಯಾಣದ ದವಾಖಾನೆಗೆ ಹೋದರು. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಏಳು ತಿಂಗಳಿಗೆ ಕೂಸು ಸಣ್ಣದಾಯಿತು ಎಂದು ತಾಯಿ ಕಾರ್ಡಿನಲ್ಲಿ ಬರೆದರು. ದಿನಾ ಮೊಟ್ಟೆ ತಿನ್ನುತ್ತೀಯಾ ಎಂದು ಕೇಳಿದರು.

"ತಿಂತೀನ್ರಿ," ಎಂದಳು ಅವ್ವ.

ಪ್ರಣಿತಾ ಅವ್ವನ ಮುಖ ನೋಡಿದಳು. ಅವ್ವ ಫ್ಯಾನ್ ನೋಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ತಾಯಿ ಕಾರ್ಡನ್ನು ತಿರುಗಿಸಿ ನೋಡಿ, "ಒಂದ ಸಾಕಿತ್ತೇನೋ ನಮಗ," ಎಂದ. ಮೆಲ್ಲಗೇ ಅಂದಿದ್ದ. ಆದರೆ ಪ್ರಣಿತಾ ಹಿಂದೆಯೇ ನಿಂತಿದ್ದಳು. ಊರು ಮುಟ್ಟುವವರೆಗೂ ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಕೂಸಿನ ಪಾಲನ್ನು ತಿಂದವಳು ತಾನು. ಮತ್ತೆ ಹೆಚ್ಚಾದವರು ಯಾರು?

"ನಾ ಅದರ ಎಲುಬು ತಿಂದೀನಿ," ಎಂದಳು ಪ್ರಣಿತಾ, ಮೂಗು ಒರೆಸಿಕೊಳ್ಳುತ್ತಾ.

ಅಸ್ಗರಿಬೀ ನಗಲಿಲ್ಲ. ಐದು ಹೆತ್ತವಳು ಅವಳು. ಕೈ ಒರೆಸಿಕೊಂಡು ಮೊಟ್ಟೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಹುಡುಗಿಯ ಕೈಗೆ ಕೊಟ್ಟಳು.

"ಇವತ್ತೊಂದಿನ ಒಯ್ಯಿ. ನಾ ನೋಡಿಲ್ಲ. ನಾಳಿಂದ ನಿಂದು ನೀನೇ ತಿನ್ನಬೇಕು. ಅವ್ವಂದು ನಾ ನೋಡ್ಕೋತೀನಿ."

ಸಂಜೆ ಅವ್ವ ಒಲೆಯ ಮುಂದೆ ಕೂತಿದ್ದಳು. ಪ್ರಣಿತಾ ಪೇಪರ್ ಬಿಚ್ಚಿ ಕೊಟ್ಟಳು. ಅವ್ವ ಮೊಟ್ಟೆ ಸುಲಿದು ಎರಡು ಹೋಳು ಮಾಡಿ, ಒಂದನ್ನು ಅವಳತ್ತ ಚಾಚಿದಳು. ಪ್ರಣಿತಾ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ನಿನಗ ವಾಸನಿ ಆಗಂಗಿಲ್ಲಂತ ಸುಳ್ಳು ಹೇಳ್ತಿದ್ದಿ ಹೌದಿಲ್ಲೋ?"

ಅವ್ವ ಒಲೆಗೆ ಒಂದು ಕಟ್ಟಿಗೆ ತಳ್ಳಿದಳು. "ನೀ ಹಸದು ಬಂದು ಎದುರಿಗಿ ನಿಂದಿರ್ತಿ. ಅದು ಒಳಗ ಅದ, ಕಾಣಂಗಿಲ್ಲ. ನಾ ಏನ್ ಮಾಡ್ಲಿ?"

"ಅದಕ್ಕ ಕೇಳಾಕ ಬಾಯಿ ಇಲ್ಲಲ್ಲವ್ವ."

ಚಾಚಿದ ಕೈ ಹಾಗೇ ನಿಂತಿತು. ಪ್ರಣಿತಾ ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನೂ ಹೇಳಿಬಿಟ್ಟಳು.

"ಒಂದ ಸಾಕಿತ್ತು ಅಂದಾನಲ್ಲ ಅಪ್ಪ. ಯಾವ ಒಂದು?"

ಅವ್ವ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕಣ್ಣೂ ತುಂಬಿತ್ತು.

"ಅಪ್ಪ ಅಂಜ್ಯಾನ, ಇಬ್ಬರಿಗಿ ಹೊಟ್ಟಿ ತುಂಬಸ್ತೀನೋ ಇಲ್ಲೋ ಅಂತ. ಅದು ತಾನಾಗಿ ಬಂದಿಲ್ಲ ಪ್ರಣಿತಾ. ನಾವ ಕರದೀವಿ. ನಿನಗೂ ಹಂಗೇ ಕರದಿದ್ದಿವಿ."

ಹೇಳಿ ಮುಗಿಸಿ ಅವ್ವ ಒಂದು ಹೋಳನ್ನು ಬಾಯಿಗಿಟ್ಟಳು. ಆಮೇಲೆ ಇನ್ನೊಂದನ್ನೂ ತಿಂದಳು.

ಮರುದಿನ ಅಸ್ಗರಿಬೀ ಗೋಡೆಯ ಆಚೆ ಹೋಗಿ ಏನೋ ಹೇಳಿ ಬಂದಳು. ಅಂದಿನಿಂದ ವಿಜಯಶ್ರೀ ಟೀಚರ್ ಅವ್ವನ ಎದುರಿಗೇ ಕುರ್ಚಿ ಹಾಕಿಕೊಂಡು ಕೂರತೊಡಗಿದರು, ಮೊಟ್ಟೆಯ ಸಿಪ್ಪೆ ಕೈಗೆ ಬರುವವರೆಗೂ ಏಳುತ್ತಿರಲಿಲ್ಲ. ಅವ್ವ ಮೊಟ್ಟೆ ಹಿಡಿದು ಗೋಡೆಯತ್ತ ನೋಡುತ್ತಿದ್ದಳು. ಈಚೆಯಿಂದ ಪ್ರಣಿತಾ ತನ್ನ ಮೊಟ್ಟೆಯನ್ನು ಎತ್ತಿ ತೋರಿಸುತ್ತಿದ್ದಳು. ಅವಳು ಕಚ್ಚಿದ ಮೇಲೇ ಅವ್ವ ಕಚ್ಚುತ್ತಿದ್ದಳು. ವೈಜನಾಥ ಸರ್ ಒಂದು ದಿನ ಇದನ್ನು ವರಾಂಡದಿಂದ ನೋಡಿದರು. ಬಿಟ್ಟುಹೋದ ವೃತ್ತವನ್ನು ಬಿಡಿಸಿ ತೋರಿಸು ಎಂದಷ್ಟೇ ಅಂದರು.

ಹೀಗೆ ಎರಡು ತಿಂಗಳು ಹೋದವು. ಒಂದು ಮಧ್ಯಾಹ್ನ ಗೋಡೆಯ ಆಚೆ ಅವ್ವ ಕೂರುವ ಜಾಗ ಖಾಲಿ ಇತ್ತು. ನೋವು ಶುರುವಾಗಿ, ಬೆಳಿಗ್ಗೆ ಹತ್ತಕ್ಕೇ ಆಂಬುಲೆನ್ಸಿನಲ್ಲಿ ಬಸವಕಲ್ಯಾಣಕ್ಕೆ ಕರೆದೊಯ್ದರು ಎಂದು ವಿಜಯಶ್ರೀ ಟೀಚರ್ ಹೇಳಿದರು. ಪ್ರಣಿತಾಳ ಮೊಟ್ಟೆ ಕೈಯಲ್ಲೇ ಇತ್ತು. ಅವ್ವ ನೋಡುತ್ತಿರಲಿಲ್ಲ. ಆದರೂ ತಿಂದಳು.

ಮರುದಿನ ಅಪ್ಪ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದ. ತಂಗಿ ಹುಟ್ಟಿದ್ದಳು. ಎರಡೂವರೆ ಕಿಲೋ, ಜರಾ ಸಣ್ಣ, ಆದರೆ ಬರೊಬ್ಬರಿ ಇದ್ದಾಳೆ ಎಂದರು ನರ್ಸಮ್ಮ. ಕ್ವಿಂಟಲ್ ಮೂಟೆ ಎತ್ತುವ ಅಪ್ಪನಿಗೆ ಈ ಎರಡೂವರೆ ಕಿಲೋ ಎತ್ತಲು ಧೈರ್ಯ ಸಾಲಲಿಲ್ಲ. ಬೆರಳಿನಿಂದ ಅದರ ಕಾಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಅವ್ವನ ತಟ್ಟೆಯಲ್ಲಿ ಒಂದು ಮೊಟ್ಟೆ ಇತ್ತು. ಮಗಳನ್ನು ಕಂಡದ್ದೇ ಅವ್ವನ ಕೈ ಮೊಟ್ಟೆ ಹಿಡಿದು ತಾನಾಗಿ ಮುಂದೆ ಬಂತು. ಪ್ರಣಿತಾ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವ್ವ ನಕ್ಕು ತಾನೇ ತಿಂದಳು.

ಅಷ್ಟರಲ್ಲಿ ಕೂಸು ಎದ್ದಿತು. ಮುಖವೆಲ್ಲ ಬಾಯಿ ಮಾಡಿಕೊಂಡು ವಾರ್ಡೆಲ್ಲ ಕೇಳುವಂತೆ ಅಳತೊಡಗಿತು. ಅಪ್ಪ ಗಾಬರಿಯಾಗಿ ನರ್ಸಮ್ಮನನ್ನು ಕರೆಯಲು ಓಡಿದ. ಪ್ರಣಿತಾ ಮಾತ್ರ ಗಾಬರಿಯಾಗಲಿಲ್ಲ. ಬಗ್ಗಿ ಆ ಬಾಯಿಯೊಳಗೆ ನೋಡಿದಳು. ಒಂದು ಹಲ್ಲೂ ಇರಲಿಲ್ಲ. ಆದರೆ ಬಾಯಿ ಎಷ್ಟು ದೊಡ್ಡದಿತ್ತು. ಅವಳಿಗೆ ತುಂಬಾ ಖುಷಿಯಾಯಿತು.

"ಕೇಳು," ಎಂದಳು ಅದರ ಕಿವಿಯಲ್ಲಿ. "ಈಗ ಎಷ್ಟು ಬೇಕಷ್ಟು ಕೇಳು."