ಕಾಲು ಸುತ್ತು

ಇದು ಮಟಮಟ ಮಧ್ಯಾಹ್ನ, ನಮ್ಮ ಶೆಡ್ಡಿನ ಮುಂದೆಯೇ ನಡೆದದ್ದು.

ಅಪ್ಪ ಇರುವ ತನಕ ಅಕ್ಕನಿಗೆ ತಮ್ಮ ಹಳೇ ಕಾರಿನ ಸ್ಟೀರಿಂಗ್ ಮುಟ್ಟಲು ಬಿಡಲಿಲ್ಲ. ಅವರು ತೀರಿಹೋದ ಮೇಲೆ ಅವಳು ಕಲಿಯಲು ಹೊರಟಳು. ಎಲ್ಲಾದರೂ ಗುದ್ದಿದರೆ ಪೆಟ್ಟಾಗದಿರಲಿ ಎಂದು ನಾನು ಬೇರೆ ಕಾರಿನ ಎರಡು ಬಂಪರ್ ಗಾರ್ಡ್ ತಂದು, ಅಳತೆಗೆ ಬುಡ ಕತ್ತರಿಸಿ, ಬಂಪರಿಗೆ ತೂತು ಕೊರೆದು ಒಂದೊಂದಕ್ಕೂ ಬೋಲ್ಟು ನಟ್ಟು ಹಾಕಿ ಕೂರಿಸಿದೆ. ಸಡಿಲವಾದರೆ ತಿಳಿಯಲೆಂದು ಪ್ರತಿ ನಟ್ಟಿನಿಂದ ಬಂಪರಿನವರೆಗೆ ಸೀಮೆಸುಣ್ಣದ ನೇರ ಗೆರೆ ಎಳೆದೆ.

ಊಟ ಮುಗಿಸಿ ಬಂದರೆ ಎಡಗಡೆಯ ನಟ್ಟು ಕಾಲು ಸುತ್ತು ಹಿಂದೆ ತಿರುಗಿತ್ತು. ಬಂಪರ್ ಬಿಸಿಲಿಗೆ ಕಾದು ಕೈ ಸುಡುತ್ತಿತ್ತು. ಆ ನಟ್ಟು ಮಾತ್ರ ತಣ್ಣಗಿತ್ತು. ಮತ್ತೆ ಬಿಗಿದೆ. ಸ್ಪ್ಯಾನರ್ ಇಟ್ಟು ಬರುವಷ್ಟರಲ್ಲಿ ಮತ್ತೆ ಅದೇ ಕಾಲು ಸುತ್ತು.

ಅಕ್ಕ ಬಗ್ಗಿ ನೋಡಿದಳು. "ಅಪ್ಪನೂ ಹೀಗೇ ಅಲ್ವೇನೋ? ಬಿಗಿದ ಮೇಲೆ ಕಾಲು ಸುತ್ತು ಬಿಡು, ಕಬ್ಬಿಣಾನೂ ಉಸಿರಾಡ್ಬೇಕು ಅಂತಿದ್ರು. ಕಬ್ಬಿಣಕ್ಕೆ ಕೊಟ್ಟಷ್ಟು ಸಡಿಲ ನನಗೆ ಕೊಡ್ಲಿಲ್ಲ."

"ವೆಲ್ಡ್ ಮಾಡ್ಬಿಡ್ಲಾ?"

"ಮಾಡು. ಓಡಿಸೋದಂತೂ ನಾನೇ. ಅವರು ಬರೋದಾದ್ರೆ ಹಿಂದಿನ ಸೀಟಲ್ಲಿ ಕೂರ್ಲಿ."

ನಟ್ಟನ್ನು ಬಂಪರಿಗೇ ವೆಲ್ಡ್ ಮಾಡಿ ಹೊಸ ಗೆರೆ ಎಳೆದೆ. ಅಕ್ಕ ಬೀದಿ ಕೊನೆ ಮುಟ್ಟಿ ಬಂದು, ಗೇಟಿಗೊಮ್ಮೆ ಗುದ್ದಿ, ನಗುತ್ತಾ ಇಳಿದಳು. ಗಾರ್ಡ್ ಅಲುಗಿರಲಿಲ್ಲ. ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

ನಟ್ಟಿನ ಮೇಲಿನ ಗೆರೆ ಮಾತ್ರ ಕಾಲು ಸುತ್ತು ಹಿಂದಿತ್ತು.