ನೆನಪಿಲ್ಲದ ಪೆಟ್ಟಿಗೆ

ಶೆಡ್ಡಿನೊಳಗೆ ಹಾಡು ನಿಂತಿತ್ತು. ಯಂತ್ರದ ದನಿ ಮಾತ್ರ ಬರುತ್ತಲೇ ಇತ್ತು.

ಹೊರಗೆ ಗೋಡೆಗೊರಗಿ ಸಿಗರೇಟು ಸೇದುತ್ತಿದ್ದ ಡ್ರಮ್ಮಿನವನು ಬಾಗಿಲು ತಳ್ಳಿದ. ಗಾಯಕಿ ರಬ್ಬರ್ ಚಾಪೆಯ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ಮೈಕು ಉರುಳಿತ್ತು. ಮೇಜಿನ ಮೇಲೆ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯದ ಪೆಟ್ಟಿಗೆ ಏನೂ ಆಗದಂತೆ ಒಂದೇ ಸ್ವರ ನುಡಿಯುತ್ತಿತ್ತು. ಅವನು ಓಡಿ ಮೇನ್ ಸ್ವಿಚ್ ಆರಿಸಿದ. ಆಂಬುಲೆನ್ಸಿಗೆ ಫೋನು ಮಾಡಿದ. ಅವಳ ಪಕ್ಕದಲ್ಲೇ ಕೂತ.

ಇನ್ಸ್‌ಪೆಕ್ಟರಮ್ಮ ಬರುವ ಹೊತ್ತಿಗೆ ಆಂಬುಲೆನ್ಸ್ ಹೋಗಿಯಾಗಿತ್ತು. ಉಸಿರಿದೆ, ಎಚ್ಚರವಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಬೆರಳ ತುದಿ ಸುಟ್ಟಿದೆ. ತುಟಿಯೂ ಸುಟ್ಟಿದೆ.

"ತುಟಿ ಅಂದ್ರಾ?" ಇನ್ಸ್‌ಪೆಕ್ಟರಮ್ಮ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಮನೆಗೆ ಬೀಗ ಹಾಕಿದ ಮೇಲೂ ಹಿಂದಿರುಗಿ ಬಂದು ಎಳೆದು ನೋಡುವ ಹೆಂಗಸು ಅವಳು.

ಊರು ಆ ಗಾಯಕಿಯನ್ನು ಗರಗಸ ಎಂದೇ ಕರೆಯುತ್ತಿತ್ತು. ಅಣ್ಣನ ಗಿಟಾರು, ಗೆಳೆಯನ ಡ್ರಮ್ಮು, ಅವಳ ಗಂಟಲು. ಕೂಗಿ ಅಬ್ಬರಿಸುವ ಪಂಕ್ ಸಂಗೀತ ಎಂದರೆ ಊರಿಗೆ ಇವರೇ. ಆಮೇಲೆ ಅವಳು ಎಲ್ಲಿಂದಲೋ ಈ ಹಳೆಯ ಸಿಂಥಸೈಜರ್ ತಂದಳು. ಕೂಗುವುದು ಬಿಟ್ಟು, ಮೈಕಿನಿಂದ ದೂರ ನಿಂತು, ಪಿಸುಗುಟ್ಟಿ ಹಾಡತೊಡಗಿದಳು. ಇದು ನ್ಯೂ ವೇವ್, ಹೊಸ ಅಲೆಯ ಸಂಗೀತ ಎಂದಳು. ಅಭಿಮಾನಿಗಳು ಕೆರಳಿದರು. 'ಪೆಟ್ಟಿಗೆ ಮುಟ್ಟಿದ ಕೈ ಸುಡಲಿ' ಎಂದು ಶೆಡ್ಡಿನ ಗೋಡೆಯ ಮೇಲೆ ಬರೆದರು.

ಬರೆದವರು ಯಾರೆಂದು ಹುಡುಕುವ ಕಷ್ಟವಿರಲಿಲ್ಲ. ಹಿಂದಿನ ದಿನವೇ ಸಿಕ್ಕಿಬಿದ್ದು ಲಾಕಪ್ಪಿನಲ್ಲಿದ್ದರು.

ಎಲೆಕ್ಟ್ರಿಷಿಯನ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ.

"ತಾನಾಗೇ ಕೆಟ್ಟಿದ್ದಲ್ಲ ಮೇಡಂ. ಒಳಗಿನ ತಂತಿ ಯಾರೋ ಬದಲಿಸಿದಾರೆ."

"ಮುಚ್ಚಳ ತೆಗೆಯೋದು ಸುಲಭಾನಾ?"

"ಎಲ್ಲಿ ಸುಲಭ? ದನಿ ಕೂಡಿಸೋ ಈ ಗುಂಡಿಗಳನ್ನೆಲ್ಲ ಒಂದೊಂದಾಗಿ ಕೀಳಬೇಕು. ಕೀಳುವಾಗ ತಿರುಗೇ ತಿರುಗ್ತವೆ. ಈ ಹಳೇ ಪೆಟ್ಟಿಗೆಗೆ ನೆನಪು ಅನ್ನೋದಿಲ್ಲ. ಗುಂಡಿ ಅಲ್ಲಾಡಿತು ಅಂದ್ರೆ ಕೂಡಿಸಿಟ್ಟ ದನಿ ಹೋಯ್ತು."

* * *

"ಡ್ರಮ್ಮಿನವನನ್ನ ಒಳಗೆ ಹಾಕಿ," ಎಂದರು ಠಾಣೆಯಲ್ಲಿ ಮೇಲಿನ ಸಾಹೇಬರು. "ನಿನ್ನೆ ಜಗಳ ಆಡಿದಾನೆ. ಕರೆಂಟಿನ ಕೆಲಸವೂ ಬರುತ್ತೆ. ಸಂಜೆಯೊಳಗೆ ಕೇಸು ಮುಗೀಬೇಕು."

ಡ್ರಮ್ಮಿನವನು ಬೆಂಚಿನ ತುದಿಯಲ್ಲಿ ಕೂತಿದ್ದ.

"ಜಗಳ ಆಡಿದ್ದು ನಿಜ. ನನ್ನ ಜಾಗಕ್ಕೆ, ತಾಳ ಹಾಕೋಕೆ ಅಂತ ಟಿಕ್ ಟಿಕ್ ಅನ್ನೋ ಇನ್ನೊಂದು ಡಬ್ಬಿ ತಂದಿಟ್ರೆ ಹಾರ ಹಾಕಿ ಬರಮಾಡ್ಕೊಳ್ಲಾ?"

"ಇವತ್ತು ಹಾಡು ಹೇಗಿತ್ತು?"

"ದಿನಾ ಇದ್ದ ಹಾಗೇ. ಪೆಟ್ಟಿಗೆದು ಅದೇ ಗಾಜಿನಂಥ ದನಿ. ಕೊನೇ ಸಾಲು ಮಾತ್ರ ಹಳೇ ಥರ ಕೂಗಿದಳು. ನನಗೆ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ನಿಂತೋಯ್ತು."

"ಮೊದಲು ಗುಂಡಿ ತಿರುಗಿಸಿ ದನಿ ಸರಿ ಮಾಡ್ಕೊಂಡಳಾ?"

"ಇಲ್ಲ ಮೇಡಂ. ಆಗ ನಾನಿನ್ನೂ ಒಳಗೇ ಇದ್ದೆ. ಬಂದಳು, ಸ್ವಿಚ್ ಹಾಕಿದಳು, ಶುರು ಮಾಡಿದಳು."

ಇನ್ಸ್‌ಪೆಕ್ಟರಮ್ಮನ ಪೆನ್ನು ನಿಂತಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣ ಅತ್ತು ಅತ್ತು ಸೊರಗಿದ್ದ. ಘಟನೆಯ ಹೊತ್ತಿಗೆ ಗಿಟಾರಿನ ತಂತಿ ತರಲು ಅಂಗಡಿಗೆ ಹೋಗಿದ್ದನಂತೆ.

"ಆ ಪೆಟ್ಟಿಗೆಯ ತಲೆಬುಡ ನನಗೆ ಗೊತ್ತಿಲ್ಲ ಮೇಡಂ. ನಾನು ಆರು ತಂತಿಯ ಮನುಷ್ಯ."

* * *

ಮರುದಿನ ಬೆಳಿಗ್ಗೆಯೂ ಗಾಯಕಿ ಕಣ್ಣು ಬಿಡಲಿಲ್ಲ. ಪರಿಚಯದ ದನಿ ಕೇಳಿಸಿ ನೋಡಿ ಎಂದರು ಡಾಕ್ಟರು. ಹೊಸ ಹಾಡು ಇನ್ನೂ ರೆಕಾರ್ಡ್ ಆಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಡ್ರಮ್ಮಿನವನನ್ನೂ ಅಣ್ಣನನ್ನೂ ಶೆಡ್ಡಿಗೆ ಕರೆಸಿದಳು. ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್ ರಿಪೇರಿ ಮಾಡಿದ್ದ. ಗುಂಡಿಗಳು ಅಡ್ಡಾದಿಡ್ಡಿಯಾಗಿದ್ದವು.

"ಆ ದನಿ ಕ್ಯಾಸೆಟ್ಟಿಗೆ ತುಂಬಿಸಿ ಅವಳಿಗೆ ಕೇಳಿಸಬೇಕು. ಯಾರಿಗೆ ಬರುತ್ತೆ?"

ಡ್ರಮ್ಮಿನವನು ಮುಂದೆ ಬಂದು ತಿಳಿದದ್ದೆಲ್ಲ ತಿರುಗಿಸಿದ. ಕತ್ತೆ ಅರಚಿದಂತಾಯಿತು. ಅವನು ಕಣ್ಣೊರೆಸಿಕೊಂಡ. "ಆಗ್ತಾ ಇಲ್ಲ."

ಅಣ್ಣ ಜೇಬಿನಲ್ಲಿ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದ.

"ಕೇಳಿಸಿದ್ರೆ ನಿಜವಾಗ್ಲೂ ಎಚ್ಚರ ಆಗುತ್ತಾ ಮೇಡಂ?"

"ಆಗಬಹುದು ಅಂದ್ರು. ಆಗೇ ಆಗುತ್ತೆ ಅನ್ನಲಿಲ್ಲ."

ಅವನು ಬಂದ. ಒಂದು ಗುಂಡಿ, ಇನ್ನೊಂದು, ಮತ್ತೊಂದು. ಕೈ ಎಲ್ಲೂ ತಡವರಿಸಲಿಲ್ಲ. ಆಮೇಲೆ ಅವಳ ಹಾಡನ್ನೇ ನುಡಿಸಿದ. ಗಾಜಿನಂಥ ದನಿ ಶೆಡ್ಡಿನ ತಗಡನ್ನು ನಡುಗಿಸಿತು. ಡ್ರಮ್ಮಿನವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಇನ್ಸ್‌ಪೆಕ್ಟರಮ್ಮ ಊಹಿಸಿದ್ದಳು. ತನ್ನ ಊಹೆ ಸುಳ್ಳಾಗಲೆಂದು ಅವಳು ರಾತ್ರಿಯೆಲ್ಲ ಹಾರೈಸಿದ್ದಳು.

ಹಾಡು ತುಂಬಿದ ಕ್ಯಾಸೆಟ್ಟನ್ನು ಹೊರತೆಗೆದು ಅವಳು ಡ್ರಮ್ಮಿನವನ ಕೈಗೆ ಕೊಟ್ಟಳು.

"ಪೆಟ್ಟಿಗೆ ಬಿಚ್ಚಿದವರು ಗುಂಡಿ ಕಿತ್ತಿದ್ರು," ಎಂದಳು ಕೊನೆಗೆ. "ಆದ್ರೂ ನಿನ್ನೆ ದನಿ ಸರಿಯಾಗೇ ಇತ್ತು. ಅವಳಿಗೆ ಅನುಮಾನ ಬರಬಾರದು ಅಂತ ಯಾರೋ ಮತ್ತೆ ಕೂಡಿಸಿಟ್ಟಿದ್ರು. ಆ ದನಿ ಕೂಡಿಸೋಕೆ ಬಾರದವರಿಗೆ ಅದು ಆಗದ ಕೆಲಸ. ತಲೆಬುಡ ಗೊತ್ತಿಲ್ಲ ಅಂದಿದ್ರಿ ನೀವು."

"ಕದ್ದು ಕಲಿತೆ," ಎಂದ ಅಣ್ಣ. "ಅವಳಿಲ್ಲದಾಗ ಬಂದು ಬಂದು ಕಲಿತೆ. ನೀನೂ ನುಡಿಸು ಬಾ ಅಂತಾಳೇನೋ ಅಂತ ಕಾದೆ. ಕರೀಲಿಲ್ಲ."

"ಅದಕ್ಕೆ ಕೊಲ್ಲೋದಾ?"

"ಕೊಲ್ಲೋಕಲ್ಲ. ರಬ್ಬರ್ ಚಾಪೆ ಇದೆ, ಕೈಗೆ ಚುರ್ ಅಂದೀತು ಅಷ್ಟೆ, ಹೆದರಿ ಪೆಟ್ಟಿಗೆ ಬಿಡ್ತಾಳೆ ಅಂದ್ಕೊಂಡೆ. ಈಗೀಗ ಅವಳು ಮೈಕು ಮುಟ್ಟೋದೇ ಇಲ್ಲವಲ್ಲ."

"ನಿನ್ನೆ ಕೊನೇ ಸಾಲು ಕೂಗುವಾಗ ಮೈಕಿಗೆ ತುಟಿ ತಾಗಿಸಿದಳು. ಕರೆಂಟು ಕೈಯಿಂದ ಬಾಯಿಗೆ, ಎದೆ ದಾಟಿ, ಮೈಕಿನ ತಂತಿ ಹಿಡಿದು ನೆಲಕ್ಕೆ ಹೋಯ್ತು."

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ.

"ಚಿಕ್ಕವಳಿದ್ದಾಗ ದನಿ ಸಾಲುತ್ತಿರಲಿಲ್ಲ. ಮೈಕನ್ನ ನುಂಗೋ ಹಾಗೆ ಹಿಡಿ, ತುಟಿ ಬಿಡಬೇಡ ಅಂತ ಹೇಳಿಕೊಟ್ಟೋನು ನಾನೇ. ಅವಳಿಗೆ ಅದು ಮರೆತು ಹೋಗಿದೆ ಅಂದ್ಕೊಂಡಿದ್ದೆ ಮೇಡಂ."

* * *

ವಾರ್ಡಿನಲ್ಲಿ ಡ್ರಮ್ಮಿನವನು ಕ್ಯಾಸೆಟ್ ಹಾಕಿದ. ಗಾಜಿನ ದನಿ ಹಾಸಿಗೆಯ ಸುತ್ತ ಹರಡಿತು. ಇನ್ನೊಮ್ಮೆ ಹಾಕಿದ. ಮತ್ತೊಮ್ಮೆ. ಅವಳ ರೆಪ್ಪೆ ಅಲುಗಿತು.

ಕಣ್ಣು ತೆರೆದವಳು ಬಹಳ ಹೊತ್ತು ಕೇಳಿಸಿಕೊಂಡಳು. ಸುಟ್ಟ ತುಟಿ ನಿಧಾನವಾಗಿ ಕದಲಿತು.

"ನಾನಲ್ಲ ನುಡಿಸಿದ್ದು. ಈ ಬೆರಳ ಓಟ ಅಣ್ಣಂದು. ಅವನಿಗೆ ಬರುತ್ತಾ ಇದು? ಎಲ್ಲಿದಾನೆ, ಕರೀರಿ."

ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದು, ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಳು.