ಹೆಪ್ಪುಗಟ್ಟಿದ ಮದ್ದು

“ಕೊಡೇ ಇಲ್ಲಿ! ಎಷ್ಟೊತ್ತು ಅದನ್ನೇ ನೋಡ್ತೀಯ? ಸೀಸೇನಾ, ಕನ್ನಡೀನಾ?”

ಅತ್ತೆಯ ಕೂಗಿಗೆ ಸೊಸೆ ಕದಲಲಿಲ್ಲ. ಔಷಧ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಅವಳ ಕೆಲಸ ಇದೊಂದೇ. ಸೀಸೆಯನ್ನು ಮೊದಲು ಕಪ್ಪು ಹಲಗೆಯ ಮುಂದೆ, ಆಮೇಲೆ ಬಿಳಿ ಹಲಗೆಯ ಮುಂದೆ ಹಿಡಿದು, ಮೆಲ್ಲಗೆ ತಿರುಗಿಸಿ, ಒಳಗೆ ಕಸವಿದೆಯೇ ಎಂದು ನೋಡುವುದು. ಈಗ ಅಡುಗೆಮನೆಯ ಕಿಟಕಿಗೆ ಹಿಡಿದ ಸೀಸೆಯೊಳಗೆ, ಒಡೆದ ಹಾಲಿನಲ್ಲಿರುವಂತೆ ಬಿಳಿ ಚೂರುಗಳು ತೇಲುತ್ತಿದ್ದವು...

ಗಂಡನ ಲಿವರ್ ಗಡ್ಡೆಗೆಂದು ನಿನ್ನೆ ಸಂಜೆ ಆಸ್ಪತ್ರೆಯವರು ಕಳಿಸಿದ್ದ ಹೊಸ ಬಗೆಯ ಮದ್ದಿನ ಮೂರನೇ ಸೀಸೆ ಅದು. ಕೂದಲೆಳೆಯ ಅಗಲದಲ್ಲಿ ಸಾಲಾಗಿ ಸಾವಿರ ಕೂರುವಷ್ಟು ಪುಟ್ಟ ನ್ಯಾನೋ ಕಣಗಳು ಔಷಧ ಹೊತ್ತು ನೇರ ಗಡ್ಡೆಗೇ ಹೋಗುತ್ತವಂತೆ. ಮುಂದೊಂದು ದಿನ ಇಂಥವೇ ಕಣಗಳು ರೋಗ ತಲೆಯೆತ್ತುವ ಮೊದಲೇ ಅದನ್ನು ಹುಡುಕುತ್ತವೆ ಎಂದಿದ್ದರು ಡಾಕ್ಟರು. ಎರಡೇ ಸೂಜಿಗೆ ಗಡ್ಡೆ ಅರ್ಧ ಕರಗಿತ್ತು. ಮೂರನೆಯದನ್ನು ಚುಚ್ಚಲು ನರ್ಸ್ ಇನ್ನೇನು ಬರುವವಳಿದ್ದಳು.

“ಅತ್ತೆ... ಇದನ್ನ ಎಲ್ಲಿಟ್ಟಿದ್ರಿ?”

“ಫ್ರಿಜ್‌ನಲ್ಲಿ ಕೆಳಗಿದ್ರೆ ಕೆಟ್ಟುಹೋಗುತ್ತೆ ಅಂತ ಮೇಲೆ ಫ್ರೀಜರ್‌ನಲ್ಲಿಟ್ಟೆ, ಬೆಳಿಗ್ಗೆ ತೆಗೆದೆ. ನಿನ್ನ ಹಾಗೆ ಮೈಮರೆತು ಕೂರೋಳಲ್ಲ ನಾನು!”

“ಹೆಪ್ಪುಗಟ್ಟಿದ್ರೆ ಕಣಗಳು ಒಂದಕ್ಕೊಂದು ಅಂಟ್ಕೊಂಡುಬಿಡ್ತವೆ ಅತ್ತೆ! ರಕ್ತಕ್ಕೆ ಸೇರಿದ್ರೆ ಶ್ವಾಸಕೋಶದಲ್ಲೇ ಸಿಕ್ಕಿಹಾಕ್ಕೊಂಡು... ಉಸಿರೇ ನಿಂತುಹೋಗ್ಬಹುದು!”

ಮುದುಕಿಯ ಮುಖ ಬಿಳಿಚಿತು. ಅವಳು ಸೊಸೆಯ ಕೈ ಬಿಗಿಯಾಗಿ ಹಿಡಿದಳು. “ಅವನಿಗೆ ಹೇಳ್ಬೇಡ ಕಣೇ ತಾಯಿ... ಇನ್ನು ನನ್ನ ಮುಖಾನೂ ನೋಡಲ್ಲ ಅವನು!”

ಮದುವೆಯಾಗಿ ಬಂದ ಮೇಲೆ ಆ ಬಾಯಿಂದ ‘ತಾಯಿ’ ಎಂಬ ಮಾತು ಅವಳು ಕೇಳಿದ್ದು ಅದೇ ಮೊದಲು!

ಗಂಡನ ಕೋಣೆಗೆ ಬಂದ ನರ್ಸ್ ಸೀಸೆ ನೋಡಿದವಳೇ ಸೂಜಿಯನ್ನು ಚೀಲಕ್ಕೆ ಹಾಕಿಬಿಟ್ಟಳು. “ಇದು ಫ್ರೀಜರ್‌ಗೆ ಹೋಗಿ ಬಂದಿದೆ. ಬೇರೆ ಸೀಸೆ ಬರೋಕೆ ಆರು ವಾರ ಬೇಕು. ಅಲ್ಲಿವರೆಗೂ ಗಡ್ಡೆ ಸುಮ್ನಿರುತ್ತೆ ಅಂತ ನಾನು ಹೇಳಲಾರೆ... ಯಾರಿಟ್ಟಿದ್ದು?”

ಮಂಚದ ಮೇಲಿದ್ದ ಗಂಡ ಕಷ್ಟಪಟ್ಟು ಕತ್ತೆತ್ತಿದ. ಬಾಗಿಲ ಬಳಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆರು ವಾರ... ಅಷ್ಟು ದಿನ ತಲೆಯಿಡಲು ಅವನಿಗೆ ತಾಯಿಯ ಮಡಿಲಾದರೂ ಬೇಡವೇ?

“ನಾನೇ,” ಎಂದಳು ಸೊಸೆ.

“ಊರವರ ಸೀಸೆಯೆಲ್ಲ ನೋಡ್ತೀಯ... ನನ್ನದೊಂದನ್ನ ಕಾಯೋಕಾಗ್ಲಿಲ್ವಾ ನಿಂಗೆ?” ಅವನು ಗೋಡೆಯತ್ತ ಹೊರಳಿದ. “ಅಮ್ಮಾ, ಇನ್ಮೇಲೆ ನನ್ನ ಮದ್ದೆಲ್ಲ ನೀನೇ ನೋಡ್ಕೋ. ಇವಳ ಕೈಗೆ ಕೊಡ್ಬೇಡ.”

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಸೊಸೆ ಬೇಡವೆಂಬಂತೆ ತಲೆಯಾಡಿಸಿದಳು.

“ಆಗ್ಲಪ್ಪ...” ಎಂದಿತು ಆ ಮುದಿ ದನಿ.